ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡುವ ಹಳೆಯ ವಿದೇಶಿ ಕಾರಿಗೆ ಎಂಥ ವಿಮೆ ಬೇಕು?

“ಗಾಡಿ ಹೊರಗ ತಗಿಯೂದ ವರ್ಷಕ್ಕ ನಾಕೈದ ಸಲ. ಅದಕ್ಯಾಕ್ರಿ ಪೂರಾ ಇನ್ಶೂರೆನ್ಸ್?”

ಹಳೆಯ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರ ಮನೆಗಳಲ್ಲಿ ಈ ಮಾತು ಕೇಳಿಬರುತ್ತಲೇ ಇರುತ್ತದೆ. ಮೇಲ್ನೋಟಕ್ಕೆ ಮಾತು ಸರಿಯಾಗಿಯೇ ಇದೆ. ದಿನಾ ನೂರು ಕಿಲೋಮೀಟರ್ ಓಡುವ ಟ್ಯಾಕ್ಸಿಗೂ ಶೆಡ್ಡಿನಲ್ಲಿ ಹೊದಿಕೆ ಹೊದ್ದು ಕುಳಿತ ಕಾರಿಗೂ ಅಪಾಯ ಒಂದೇ ಆಗಿರಲು ಸಾಧ್ಯವಿಲ್ಲ. ಹಾಗಾದರೆ ಕಡಿಮೆ ಓಡುವ ಕಾರಿಗೆ ಕಡಿಮೆ ಪ್ರೀಮಿಯಂ ಇರಬೇಕಲ್ಲವೇ? ಇದೆ. ಆದರೆ ಅದು ಎಲ್ಲಿ ಕಡಿಮೆಯಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂಬುದು ತಿಳಿಯದಿದ್ದರೆ ಉಳಿಸಿದ ಕೆಲವು ಸಾವಿರ ರೂಪಾಯಿ ಮುಂದೆ ಹಲವು ಲಕ್ಷಗಳ ನಷ್ಟಕ್ಕೆ ಕಾರಣವಾಗಬಹುದು.

ವಿಷಯ ಸುಲಭವಾಗಿ ಅರ್ಥವಾಗಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸವದತ್ತಿ ತಾಲ್ಲೂಕಿನ ನವಿಲುತೀರ್ಥದ ಹತ್ತಿರ, ಮಲಪ್ರಭಾ ಅಣೆಕಟ್ಟಿನಿಂದ ಸ್ವಲ್ಪ ದೂರದಲ್ಲಿ, ಒಬ್ಬರ ಮನೆಯಲ್ಲಿ 1966ರ ಎಂಜಿಬಿ ಕಾರು ಇದೆ ಎಂದುಕೊಳ್ಳೋಣ. ಎಂಜಿಬಿ ಬ್ರಿಟನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. ಎಂಜಿನ್ 1,798 ಸಿಸಿ. ಈ ಕಾರು ತಿಂಗಳಿಗೊಮ್ಮೆ ಹತ್ತಿಪ್ಪತ್ತು ಕಿಲೋಮೀಟರ್ ಓಡುತ್ತದೆ, ಆಗೊಮ್ಮೆ ಈಗೊಮ್ಮೆ ಧಾರವಾಡದ ಮೆಕ್ಯಾನಿಕ್ ಹತ್ತಿರ ಹೋಗುತ್ತದೆ, ವರ್ಷಕ್ಕೊಮ್ಮೆ ಬೆಂಗಳೂರಿನ ಹಳೆಯ ಕಾರುಗಳ ಮೆರವಣಿಗೆಗೆ ಹೋಗಿಬರುತ್ತದೆ. ಎಲ್ಲ ಸೇರಿ ವರ್ಷಕ್ಕೆ ಸುಮಾರು ಎರಡು ಸಾವಿರ ಕಿಲೋಮೀಟರ್. ಇದರ ವಿಮೆ ಹೇಗಿರಬೇಕು?

ಹೊರದೇಶಗಳಲ್ಲಿ ಹೇಗೆ?

ಬ್ರಿಟನ್ ಮತ್ತು ಅಮೆರಿಕದಲ್ಲಿ ಇಂಥ ಕಾರುಗಳಿಗೆಂದೇ ಬೇರೆ ಬಗೆಯ ಪಾಲಿಸಿ ಇದೆ. ಅಲ್ಲಿ ವಿಮಾ ಕಂಪನಿ ಸಾಮಾನ್ಯವಾಗಿ ಕೆಲವು ಷರತ್ತು ಹಾಕುತ್ತದೆ: ವರ್ಷಕ್ಕೆ ಇಂತಿಷ್ಟೇ ಮೈಲಿ ಓಡಿಸಬೇಕು, ರಾತ್ರಿ ಬೀಗ ಹಾಕಿದ ಗ್ಯಾರೇಜಿನಲ್ಲಿ ನಿಲ್ಲಿಸಬೇಕು, ದಿನದ ಓಡಾಟಕ್ಕೆ ಮನೆಯಲ್ಲಿ ಇನ್ನೊಂದು ಕಾರು ಇರಬೇಕು. ಇವನ್ನು ಒಪ್ಪಿಕೊಂಡರೆ ಪ್ರೀಮಿಯಂ ಇಳಿಯುತ್ತದೆ. ಇದರ ಜೊತೆಗೆ ಕಂಪನಿಯೂ ಮಾಲೀಕರೂ ಕುಳಿತು ಕಾರಿನ ಬೆಲೆಯನ್ನು ಮೊದಲೇ ನಿಗದಿ ಮಾಡಿಕೊಳ್ಳುತ್ತಾರೆ. ಕಾರು ಪೂರ್ತಿ ನಾಶವಾದರೆ ಆ ಬೆಲೆಯೇ ಸಿಗುತ್ತದೆ.

ಅಂದರೆ ಈ ಪಾಲಿಸಿಯಲ್ಲಿ ಎರಡು ಸಂಗತಿಗಳಿವೆ. ಒಂದು, ಕಡಿಮೆ ಓಟಕ್ಕೆ ಕಡಿಮೆ ಪ್ರೀಮಿಯಂ. ಎರಡು, ಒಪ್ಪಿಕೊಂಡ ಬೆಲೆ. ನಮ್ಮಲ್ಲಿ ಇವೆರಡೂ ಒಂದೇ ಪೊಟ್ಟಣದಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದರೆ ಬಿಡಿ ಬಿಡಿಯಾಗಿ ಎರಡೂ ಇವೆ. ಅವನ್ನು ನಾವೇ ಕೇಳಿ ಜೋಡಿಸಿಕೊಳ್ಳಬೇಕು.

ತಪ್ಪು ನಂಬಿಕೆ 1: ಓಡಿಸದಿದ್ದರೆ ವಿಮೆಯೇ ಬೇಡ

ನಮ್ಮ ಮೋಟಾರು ವಿಮೆಯಲ್ಲಿ ಎರಡು ಭಾಗಗಳಿವೆ. ಒಂದು ಥರ್ಡ್ ಪಾರ್ಟಿ. ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಸಾವು, ಗಾಯ, ಆಸ್ತಿ ನಷ್ಟಕ್ಕೆ ಪರಿಹಾರ ಕೊಡುವುದು ಇದು. ಇನ್ನೊಂದು ಓನ್ ಡ್ಯಾಮೇಜ್. ಅಪಘಾತ, ಬೆಂಕಿ, ಕಳವು, ನೆರೆ ಮುಂತಾದವುಗಳಿಂದ ನಮ್ಮದೇ ಕಾರಿಗೆ ಆಗುವ ನಷ್ಟಕ್ಕೆ ಇದು.

1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ವಾಹನ ಬಳಸಲು ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಕಾಯ್ದೆ ಕಿಲೋಮೀಟರ್ ಎಣಿಸುವುದಿಲ್ಲ. ಮನೆಯಿಂದ ಪೆಟ್ರೋಲ್ ಬಂಕಿನವರೆಗೆ ಹೋದರೂ ವಿಮೆ ಬೇಕು. ಇಲ್ಲದಿದ್ದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000 ರೂಪಾಯಿ.

ದಂಡ ಇಲ್ಲಿ ಸಣ್ಣ ಮಾತು. ಯಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗೆ ಜನ ನಡೆದು ಹೋಗುವ ರಸ್ತೆಯನ್ನು ನೆನಪಿಸಿಕೊಳ್ಳಿ. ಎತ್ತಿನ ಬಂಡಿ, ಟ್ರ್ಯಾಕ್ಟರ್, ನಡೆಯುವವರು ಎಲ್ಲರೂ ಒಂದೇ ರಸ್ತೆಯಲ್ಲಿ. ಅರವತ್ತು ವರ್ಷದ ಬ್ರೇಕು ಅಂಥಲ್ಲಿ ಒಮ್ಮೆ ಕೈಕೊಟ್ಟರೂ ಒಂದು ಜೀವ ಹೋಗಬಹುದು. ಮೃತರ ಕುಟುಂಬಕ್ಕೆ ನ್ಯಾಯಮಂಡಳಿ ಪರಿಹಾರ ನಿಗದಿ ಮಾಡುವಾಗ ಕಾರು ವರ್ಷಕ್ಕೆ ಎಷ್ಟು ಓಡುತ್ತದೆ ಎಂದು ಕೇಳುವುದಿಲ್ಲ. ಸಾವು ಮತ್ತು ಗಾಯದ ಪ್ರಕರಣಗಳಲ್ಲಿ ಥರ್ಡ್ ಪಾರ್ಟಿ ಹೊಣೆಗೆ ನಿಗದಿತ ಗರಿಷ್ಠ ಮೊತ್ತವಿಲ್ಲ. ವಿಮೆ ಇಲ್ಲದಿದ್ದರೆ ಅದನ್ನು ಮಾಲೀಕರೇ ಕಟ್ಟಬೇಕು. ಹೊಲ ಮಾರಿ ಕಟ್ಟುವ ಪರಿಸ್ಥಿತಿಯೂ ಬರಬಹುದು.

ತಪ್ಪು ನಂಬಿಕೆ 2: ಕಡಿಮೆ ಓಡಿಸಿದರೆ ಇಡೀ ಪ್ರೀಮಿಯಂ ಇಳಿಯುತ್ತದೆ

2022ರ ಜುಲೈನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ‘ಪೇ ಆ್ಯಸ್ ಯು ಡ್ರೈವ್’ ಎಂಬ ಆ್ಯಡ್-ಆನ್ ಮಾರಲು ಕಂಪನಿಗಳಿಗೆ ಅನುಮತಿ ಕೊಟ್ಟಿತು. ಓಡಿಸಿದಷ್ಟಕ್ಕೆ ಹಣ ಎಂಬುದು ಇದರ ಅರ್ಥ. ವರ್ಷಕ್ಕೆ 2,500, 5,000 ಅಥವಾ 7,500 ಕಿಲೋಮೀಟರ್ ಎಂಬಂಥ ಹಂತಗಳಲ್ಲಿ ಒಂದನ್ನು ನಾವು ಆರಿಸಿಕೊಳ್ಳುತ್ತೇವೆ. ಹಂತ ಕೆಳಗಿದ್ದಷ್ಟೂ ಪ್ರೀಮಿಯಂ ಕಡಿಮೆ.

ಆದರೆ ಈ ರಿಯಾಯಿತಿ ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ. ಥರ್ಡ್ ಪಾರ್ಟಿ ಪ್ರೀಮಿಯಂ ಅನ್ನು ಕೇಂದ್ರ ಸರ್ಕಾರ ಎಂಜಿನ್ ಗಾತ್ರದ ಮೇಲೆ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1,000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1,000ದಿಂದ 1,500 ಸಿಸಿವರೆಗೆ 3,416 ರೂಪಾಯಿ, ಅದಕ್ಕೂ ಮೇಲೆ 7,897 ರೂಪಾಯಿ ಇದೆ. ನಮ್ಮ ಎಂಜಿಬಿ ಕೊನೆಯ ಸಾಲಿಗೆ ಸೇರುತ್ತದೆ. ಓಡಿದರೂ ಅಷ್ಟೇ, ನಿಂತರೂ ಅಷ್ಟೇ.

ಇದನ್ನು ಇಳಿಸುವ ಒಂದು ದಾರಿ ಅದೇ ನಿಯಮದಲ್ಲಿದೆ. ವಿಂಟೇಜ್ ಎಂದು ನೋಂದಣಿಯಾದ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ದರದಲ್ಲಿ ಶೇ 50 ರಿಯಾಯಿತಿ. 7,897 ಇದ್ದದ್ದು ಸುಮಾರು 3,950 ರೂಪಾಯಿ ಆಗುತ್ತದೆ. ಆ ನೋಂದಣಿಗೆ ಇರುವ ಕಟ್ಟುಪಾಡುಗಳನ್ನು ಮುಂದೆ ನೋಡೋಣ.

ಮೈಲಿಯೋ ಕಿಲೋಮೀಟರೋ?

ಕಿಲೋಮೀಟರ್ ಲೆಕ್ಕದ ಪಾಲಿಸಿ ತೆಗೆದುಕೊಂಡರೆ ಓಡೋಮೀಟರ್ ಓದುವುದು ಮುಖ್ಯವಾಗುತ್ತದೆ. ಹಳೆಯ ವಿದೇಶಿ ಕಾರಿನಲ್ಲಿ ಇಲ್ಲೇ ಎಡವಟ್ಟಾಗುವುದು.

ಬ್ರಿಟನ್ನಿಗೆಂದು ಅಥವಾ ಅಮೆರಿಕಕ್ಕೆಂದು ತಯಾರಾದ ಕಾರಿನ ಮೀಟರ್ ತೋರಿಸುವುದು ಮೈಲಿ. ಒಂದು ಮೈಲಿ ಎಂದರೆ 1.609 ಕಿಲೋಮೀಟರ್. 2,500 ಕಿಲೋಮೀಟರ್ ಮಿತಿ ಇರುವ ಪಾಲಿಸಿಯಲ್ಲಿ ಮೀಟರ್ 1,600 ಮುಂದೆ ಹೋಗಿದ್ದರೆ ‘ಇನ್ನೂ 900 ಉಳಿದಿದೆ’ ಎನ್ನಿಸುತ್ತದೆ. ನಿಜದಲ್ಲಿ ಕಾರು ಓಡಿದ್ದು ಸುಮಾರು 2,575 ಕಿಲೋಮೀಟರ್. ಮಿತಿ ಆಗಲೇ ಮುಗಿದಿದೆ. ಮಿತಿ ದಾಟಿದ ಮೇಲೆ ಥರ್ಡ್ ಪಾರ್ಟಿ ಭಾಗ ಮುಂದುವರಿಯುತ್ತದೆ. ನಮ್ಮ ಕಾರಿನ ರಿಪೇರಿಗೆ ಹಣ ಸಿಗುತ್ತದೋ, ಎಷ್ಟು ಸಿಗುತ್ತದೆ ಎಂಬುದು ಆಯಾ ಪಾಲಿಸಿಯ ಷರತ್ತಿಗೆ ಬಿಟ್ಟದ್ದು. ಹೆಚ್ಚುವರಿ ಕಿಲೋಮೀಟರ್ ಕೊಳ್ಳುವ ಅವಕಾಶ ಇದ್ದರೆ ಮಿತಿ ಮುಗಿಯುವ ಮೊದಲೇ ಕೊಳ್ಳಬೇಕು.

ಎರಡನೆಯ ತೊಡಕು ಟೈರು. ಹಳೆಯ ಓಡೋಮೀಟರಿಗೆ ದೂರ ಗೊತ್ತಾಗುವುದಿಲ್ಲ. ಗೇರ್‌ಬಾಕ್ಸಿನಿಂದ ಬರುವ ಕೇಬಲ್ ಎಷ್ಟು ಸುತ್ತು ತಿರುಗಿತು ಎಂಬುದನ್ನಷ್ಟೇ ಅದು ಎಣಿಸುತ್ತದೆ. ಮೂಲ ಅಳತೆಯ ಟೈರು ಸಿಗದೆ ಶೇ 5ರಷ್ಟು ದೊಡ್ಡ ವ್ಯಾಸದ್ದನ್ನು ಹಾಕಿದರೆ ಚಕ್ರದ ಪ್ರತಿ ಸುತ್ತಿಗೂ ಕಾರು ಶೇ 5ರಷ್ಟು ಹೆಚ್ಚು ಮುಂದೆ ಹೋಗುತ್ತದೆ, ಮೀಟರಿಗೆ ಅದು ತಿಳಿಯುವುದಿಲ್ಲ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನು ನೋಡುತ್ತ ಹತ್ತು ಕಿಲೋಮೀಟರ್ ಓಡಿಸಿ ಮೀಟರಿನ ಜೊತೆ ಹೋಲಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಕೆಲವು ಕಂಪನಿಗಳು ಓಟ ಅಳೆಯಲು ಸಣ್ಣ ಉಪಕರಣ ಕೊಡುತ್ತವೆ. ಹೊಸ ಕಾರುಗಳಲ್ಲಿ ಅದನ್ನು ಸಿಕ್ಕಿಸಲು ಸ್ಟೀರಿಂಗ್ ಕೆಳಗೆ ಒಂದು ಪೋರ್ಟ್ ಇರುತ್ತದೆ. 1960ರ ದಶಕದ ಕಾರಿನಲ್ಲಿ ಅದು ಇಲ್ಲ. ತಂತಿ ಜೋಡಿಸುತ್ತೇವೆ ಎಂದರೂ ಎಚ್ಚರಿಕೆ ಬೇಕು. 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಜೋಡಿಸಲಾಗುತ್ತಿತ್ತು. ಇಂದಿನ ಕಾರುಗಳಲ್ಲಿ ನೆಗೆಟಿವ್ ತುದಿ ಬಾಡಿಗೆ ಇರುತ್ತದೆ. ಇದನ್ನು ಗಮನಿಸದೆ ಜೋಡಿಸಿದರೆ ಉಪಕರಣ ಸುಡಬಹುದು. ಹಾಗಾಗಿ ಇಂಥ ಕಾರಿಗೆ ಓಡೋಮೀಟರಿನ ಫೋಟೊ ಒಪ್ಪಿಕೊಳ್ಳುವ ಪಾಲಿಸಿಯೇ ವಾಸಿ. ಅರ್ಜಿಯಲ್ಲಿ ‘ಮೀಟರ್ ಮೈಲಿಯಲ್ಲಿದೆ’ ಎಂದು ಬರೆದು ಕೊಡುವುದನ್ನು ಮರೆಯಬಾರದು.

ತಪ್ಪು ನಂಬಿಕೆ 3: ನಿಂತ ಕಾರಿಗೆ ಏನಾಗುತ್ತದೆ?

ಕಿಲೋಮೀಟರ್ ಕಡಿಮೆಯಾದರೆ ಢಿಕ್ಕಿಯ ಅಪಾಯ ಕಡಿಮೆಯಾಗುತ್ತದೆ. ಉಳಿದ ಅಪಾಯಗಳು ಶೆಡ್ಡಿನಲ್ಲೂ ಇರುತ್ತವೆ.

ಮೊದಲನೆಯದು ನೀರು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಭಾರಿ ಪ್ರಮಾಣದಲ್ಲಿ ನೀರು ಬಿಟ್ಟಾಗ ಮಲಪ್ರಭೆಯ ಕೆಳದಂಡೆಯ ಊರುಗಳಿಗೆ ನೀರು ನುಗ್ಗಿದ್ದನ್ನು ರಾಮದುರ್ಗದ ಕಡೆಯವರು ಮರೆತಿಲ್ಲ. ಅಂಥ ದಿನ ಮುಳುಗುವ ಕಾರು ಆ ವರ್ಷ ಒಂದು ಕಿಲೋಮೀಟರ್ ಕೂಡ ಓಡಿರಬೇಕಾಗಿಲ್ಲ. ನೀರು ಇಳಿದ ಮೇಲೆ ಇನ್ನೊಂದು ತಪ್ಪು ನಡೆಯುತ್ತದೆ: ಕೂಡಲೇ ಸ್ಟಾರ್ಟ್ ಮಾಡಿ ನೋಡುವುದು. ಗಾಳಿಯಂತೆ ನೀರು ಒತ್ತಿದರೆ ಕುಗ್ಗುವುದಿಲ್ಲ. ಸಿಲಿಂಡರಿನೊಳಗೆ ನೀರಿದ್ದರೆ ಪಿಸ್ಟನ್ ಅದಕ್ಕೆ ಬಡಿದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಈ ನಷ್ಟ ಆದದ್ದು ನೆರೆಯಿಂದಲ್ಲ, ಸ್ಟಾರ್ಟ್ ಮಾಡಿದ್ದರಿಂದ ಎಂದು ಕಂಪನಿ ಕ್ಲೇಮ್ ನಿರಾಕರಿಸಬಹುದು.

ಎರಡನೆಯದು ಬೆಂಕಿ. ಹಳೆಯ ತಂತಿಗಳ ಹೊದಿಕೆ ವರ್ಷಗಳು ಕಳೆದಂತೆ ಗಡುಸಾಗಿ ಬಿರಿಯುತ್ತದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ. ಆ ಕಾಲದ ರಬ್ಬರ್ ಪೈಪುಗಳನ್ನು ಎಥೆನಾಲ್ ತಡೆಯುವಂತೆ ಮಾಡಿರಲಿಲ್ಲ. ಅವು ಮೆತ್ತಗಾಗಿ ಸೋರಬಹುದು. ಸೋರಿದ ಪೆಟ್ರೋಲ್, ಬಿರಿದ ತಂತಿ ಎರಡೂ ಒಂದೇ ಬಾನೆಟ್ಟಿನ ಕೆಳಗಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಎಥೆನಾಲ್ ತಾಳುವ ಪೈಪು ಹಾಕಿಸುವುದು, ನಿಲ್ಲಿಸುವಾಗ ಬ್ಯಾಟರಿ ಸಂಪರ್ಕ ತೆಗೆಯುವುದು ಯಾವ ಪಾಲಿಸಿಗಿಂತಲೂ ಮೊದಲು ಮಾಡಬೇಕಾದ ಕೆಲಸ.

ಮೂರನೆಯದು ಕಳವು. ಇಡೀ ಕಾರನ್ನೇ ಒಯ್ಯಬೇಕೆಂದಿಲ್ಲ. ಇಲ್ಲಿ ಸಿಗದ ಒಂದು ಕಾರ್ಬ್ಯುರೇಟರ್ ಹೋದರೂ ಸಾಕು.

ಕಾರನ್ನು ತಿಂಗಳುಗಟ್ಟಲೆ ಹೊರತೆಗೆಯುವುದೇ ಇಲ್ಲವೆಂದಾದರೆ ಗ್ಯಾರೇಜಿನಲ್ಲಿ ನಿಂತ ವಾಹನಕ್ಕೆ ಬೆಂಕಿ ಮತ್ತು ಕಳವಿನ ರಕ್ಷಣೆ ಮಾತ್ರ ಕೊಡುವ ಏರ್ಪಾಟು ನಮ್ಮ ಮೋಟಾರು ವಿಮೆಯ ಹಳೆಯ ಸುಂಕಪಟ್ಟಿಯಲ್ಲೇ ಇದೆ. ಕಂಪನಿಯ ಶಾಖೆಯಲ್ಲಿ ಅದನ್ನು ಕೇಳಬಹುದು. ಆದರೆ ಇದರಲ್ಲಿ ನೆರೆಯ ನಷ್ಟ ಸೇರುವುದಿಲ್ಲ ಎಂಬುದನ್ನು ನದಿ ದಂಡೆಯವರು ನೆನಪಿಡಬೇಕು.

ಎಲ್ಲಕ್ಕಿಂತ ಮುಖ್ಯ: ಕಾಗದದ ಮೇಲಿನ ಬೆಲೆ

ಪಾಲಿಸಿಯಲ್ಲಿ ‘ಐಡಿವಿ’ ಎಂಬ ಸಾಲು ಇರುತ್ತದೆ. ಕಾರು ಪೂರ್ತಿ ಹಾಳಾದರೆ ಅಥವಾ ಕಳುವಾದರೆ ಕಂಪನಿ ಲೆಕ್ಕ ಹಿಡಿಯುವ ಬೆಲೆ ಇದು. ಹೊಸ ಕಾರಿಗೆ ಇದನ್ನು ಸವಕಳಿಯ ಪಟ್ಟಿಯ ಪ್ರಕಾರ ಇಳಿಸುತ್ತ ಹೋಗುತ್ತಾರೆ. ನಾಲ್ಕರಿಂದ ಐದು ವರ್ಷದ ಕಾರಿಗೆ ಸವಕಳಿ ಶೇ 50. ಐದು ವರ್ಷ ದಾಟಿದ ಮೇಲೆ ಪಟ್ಟಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಐಡಿವಿ ಎಂದರೆ ಕಂಪನಿ ಮತ್ತು ಮಾಲೀಕರು ಮಾತನಾಡಿ ಒಪ್ಪಿಕೊಂಡ ಬೆಲೆ. ತಯಾರಿಕೆ ನಿಂತುಹೋದ ಮಾದರಿಗಳಿಗೂ ಹೀಗೆಯೇ.

ಅಂದರೆ ವಿದೇಶದ ಕ್ಲಾಸಿಕ್ ಪಾಲಿಸಿಯಲ್ಲಿರುವ ‘ಒಪ್ಪಿಕೊಂಡ ಬೆಲೆ’ಗೆ ನಮ್ಮಲ್ಲೂ ಜಾಗವಿದೆ. ಆದರೆ ಬಹಳ ಮಂದಿ ಆ ಮಾತುಕತೆ ನಡೆಸುವುದೇ ಇಲ್ಲ. ಹಳೆಯ ಕಾರಲ್ಲವೇ ಎಂದು ಎರಡು ಲಕ್ಷ ಬರೆಸಿ, ಪ್ರೀಮಿಯಂ ಕಡಿಮೆ ಬಂತೆಂದು ಸಂತೋಷಪಡುತ್ತಾರೆ.

ಇದರ ಪರಿಣಾಮ ನೋಡಿ. ರಿಪೇರಿ ಖರ್ಚು ಐಡಿವಿಯ ಶೇ 75ನ್ನು ಮೀರಿದರೆ ಕಾರು ಪೂರ್ತಿ ನಷ್ಟವಾದಂತೆ ಎಂದು ಕಂಪನಿ ಲೆಕ್ಕ ಹಾಕುತ್ತದೆ. ಐಡಿವಿ ಎರಡು ಲಕ್ಷವಾದರೆ ಆ ಗಡಿ ಒಂದೂವರೆ ಲಕ್ಷ. ಮುಂಭಾಗದ ಒಂದು ಢಿಕ್ಕಿಗೆ ಬ್ರಿಟನ್ನಿನಿಂದ ಬಿಡಿಭಾಗ ತರಿಸಿ ಕಸ್ಟಮ್ಸ್ ಸುಂಕ ಕಟ್ಟಿ ಬಣ್ಣ ಹೊಡೆಸುವಷ್ಟರಲ್ಲಿ ಒಂದೂವರೆ ಲಕ್ಷ ದಾಟುವುದು ಕಷ್ಟವಲ್ಲ. ಆಗ ಸರಿಮಾಡಬಹುದಾದ ಕಾರು ಕೂಡ ಕಾಗದದ ಮೇಲೆ ಗುಜರಿಯಾಗುತ್ತದೆ. ಮಾರುಕಟ್ಟೆಯಲ್ಲಿ 18 ಲಕ್ಷ ಬಾಳುವ ಕಾರಿಗೆ ಸಿಗುವುದು ಎರಡು ಲಕ್ಷದ ಲೆಕ್ಕ.

ರಿಪೇರಿ ಸಣ್ಣದಾದರೂ ಪೂರ್ತಿ ಹಣ ಬರುವುದಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ಹತ್ತು ವರ್ಷ ದಾಟಿದ ಕಾರಿನ ಲೋಹದ ಬಿಡಿಭಾಗಗಳಿಗೆ ಶೇ 50 ಸವಕಳಿ ಕಳೆಯುತ್ತಾರೆ. ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗೆ ಯಾವ ವಯಸ್ಸಿನ ಕಾರಿಗೂ ಶೇ 50. ಗಾಜಿಗೆ ಮಾತ್ರ ಸವಕಳಿ ಇಲ್ಲ.

ಈಗ ಎರಡು ಬಗೆಯ ಉಳಿತಾಯವನ್ನು ಹೋಲಿಸೋಣ. ಓನ್ ಡ್ಯಾಮೇಜ್ ದರ ಐಡಿವಿಯ ಶೇ 3 ಎಂದೂ ಕಡಿಮೆ ಓಟದ ರಿಯಾಯಿತಿ ಶೇ 25 ಎಂದೂ ಲೆಕ್ಕಕ್ಕಾಗಿ ಹಿಡಿಯೋಣ. 18 ಲಕ್ಷ ಬರೆಸಿದರೆ ಪ್ರೀಮಿಯಂ 54,000. ರಿಯಾಯಿತಿಯಿಂದ 13,500 ಉಳಿಯುತ್ತದೆ, ರಕ್ಷಣೆ 18 ಲಕ್ಷವೇ ಇರುತ್ತದೆ. ಎರಡು ಲಕ್ಷ ಬರೆಸಿದರೆ ಪ್ರೀಮಿಯಂ 6,000. ಮೇಲ್ನೋಟಕ್ಕೆ 48,000 ಉಳಿಯಿತು, ಆದರೆ 16 ಲಕ್ಷದ ರಕ್ಷಣೆ ಹೋಯಿತು. ಹಣ ಉಳಿಸಬೇಕಾದದ್ದು ಕಿಲೋಮೀಟರಿನಲ್ಲಿ, ಬೆಲೆಯಲ್ಲಲ್ಲ.

ವಿಂಟೇಜ್ ನೋಂದಣಿ ಯಾರಿಗೆ?

2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ದೊಡ್ಡ ಬದಲಾವಣೆಯಿಲ್ಲದೆ ಮೂಲ ರೂಪದಲ್ಲಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನ ವಿಂಟೇಜ್. ಹೊಸದಾಗಿ ನೋಂದಣಿ ಮಾಡಿಸಲು 20,000 ರೂಪಾಯಿ, ಹತ್ತು ವರ್ಷದ ನಂತರ ನವೀಕರಿಸಲು 5,000 ರೂಪಾಯಿ ಶುಲ್ಕ. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂದಿರುತ್ತದೆ. ಈಗಾಗಲೇ ನೋಂದಣಿಯಾದ ಕಾರು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಆಮದು ಮಾಡಿದ ಕಾರಾದರೆ ಕಸ್ಟಮ್ಸ್‌ನ ‘ಬಿಲ್ ಆಫ್ ಎಂಟ್ರಿ’ ಕೊಡಬೇಕು. ಅರ್ಜಿಯ ಜೊತೆ ವಿಮಾ ಪಾಲಿಸಿಯೂ ಬೇಕು.

ಇದರ ಕಟ್ಟುಪಾಡು ಬಳಕೆಯ ಮೇಲೆ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಅವುಗಳಿಗೆ ಹೋಗಿಬರುವುದು, ಇಂಧನ ತುಂಬಿಸುವುದು, ನಿರ್ವಹಣೆ ಇಷ್ಟಕ್ಕೆ ಮಾತ್ರ ರಸ್ತೆಗಿಳಿಯಬಹುದು. ಬೆಂಗಳೂರಿನ ರ‍್ಯಾಲಿಗೆ, ಧಾರವಾಡದ ಮೆಕ್ಯಾನಿಕ್ ಹತ್ತಿರಕ್ಕೆ ಅಡ್ಡಿಯಿಲ್ಲ. ಬೈಲಹೊಂಗಲದ ಮದುವೆಗೆ ಹೋದರೆ, ಅದೂ ಬಾಡಿಗೆಗೆ ಹೋದರೆ, ನಿಯಮ ಮುರಿದಂತೆ. ಅಲ್ಲಿ ಅಪಘಾತವಾದರೆ ಕ್ಲೇಮ್ ವಿವಾದಕ್ಕೆ ಸಿಲುಕುತ್ತದೆ. ಕಾರನ್ನು ವಾರಕ್ಕೊಮ್ಮೆ ಸಂತೆಗೆ, ನೆಂಟರ ಮನೆಗೆ ಒಯ್ಯುವವರಿಗೆ ಸಾಮಾನ್ಯ ನೋಂದಣಿಯೇ ಸರಿ. 50 ವರ್ಷ ತುಂಬದ ಕಾರಿಗೆ ಈ ದಾರಿಯೇ ಇಲ್ಲ.

ರ‍್ಯಾಲಿ ಎಂದರೆ ರೇಸ್ ಅಲ್ಲ, ಆದರೂ…

ಖಾಸಗಿ ಕಾರಿನ ಪಾಲಿಸಿಯಲ್ಲಿ ಬಳಕೆಯ ಮಿತಿ ಬರೆದಿರುತ್ತದೆ. ಬಾಡಿಗೆ, ಸಂಘಟಿತ ರೇಸ್, ವೇಗ ಪರೀಕ್ಷೆ, ಕಾರಿನ ತಾಳಿಕೆ ಪರೀಕ್ಷಿಸುವ ಸ್ಪರ್ಧೆ ಇವಕ್ಕೆ ರಕ್ಷಣೆ ಇಲ್ಲ. ನಿಧಾನವಾಗಿ ಸಾಲಾಗಿ ಹೋಗುವ ಮೆರವಣಿಗೆ ಬೇರೆ, ಇಂತಿಷ್ಟು ಸಮಯದಲ್ಲಿ ಇಂಥಲ್ಲಿ ಮುಟ್ಟಬೇಕೆಂಬ ಸ್ಪರ್ಧೆ ಬೇರೆ. ಎರಡಕ್ಕೂ ‘ರ‍್ಯಾಲಿ’ ಎಂದೇ ಕರೆಯುವುದರಿಂದ ಗೊಂದಲವಾಗುತ್ತದೆ. ಹೊರಡುವ ಮೊದಲು ಕಾರ್ಯಕ್ರಮದ ವಿವರವನ್ನು ಕಂಪನಿಗೆ ಕಳಿಸಿ, ರಕ್ಷಣೆ ಇದೆಯೇ ಎಂದು ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಏನು ಮಾಡಬೇಕು?

ಮೊದಲು ಬೆಲೆಗೆ ಆಧಾರ ಸಿದ್ಧಮಾಡಿ. ಮಾನ್ಯತೆ ಪಡೆದ ಮೌಲ್ಯಮಾಪಕರ ಪ್ರಮಾಣಪತ್ರ, ಕಾರಿನ ನಾಲ್ಕೂ ಬದಿಯ, ಎಂಜಿನ್ನಿನ, ಚಾಸಿ ನಂಬರಿನ ಫೋಟೊ, ಬಿಡಿಭಾಗಗಳ ರಸೀದಿ, ಆಮದಿನ ಕಾಗದ ಎಲ್ಲವೂ ಒಂದೇ ಫೈಲಿನಲ್ಲಿರಲಿ. ಅದರ ಒಂದು ಪ್ರತಿ ಶೆಡ್ಡಿನಿಂದ ದೂರ, ಮನೆಯೊಳಗೆ ಇರಲಿ.

ನಂತರ ವರ್ಷದ ಓಟವನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಿ, ಅದಕ್ಕಿಂತ ಸ್ವಲ್ಪ ಮೇಲಿನ ಹಂತ ಆರಿಸಿ. ಏಜೆಂಟರ ಬಳಿ ನಾಲ್ಕು ಪ್ರಶ್ನೆ ಕೇಳಿ: ಇಷ್ಟು ಹಳೆಯ ಕಾರಿಗೆ ಕಿಲೋಮೀಟರ್ ಆ್ಯಡ್-ಆನ್ ಕೊಡುತ್ತೀರಾ? ಓಟವನ್ನು ಹೇಗೆ ಅಳೆಯುತ್ತೀರಿ? ಮಿತಿ ದಾಟಿದರೆ ಏನಾಗುತ್ತದೆ? ನಾನು ಹೇಳುವ ಬೆಲೆಯನ್ನು ಐಡಿವಿಯಲ್ಲಿ ಬರೆಯುತ್ತೀರಾ? ಕೊನೆಯ ಪ್ರಶ್ನೆಗೆ ‘ಆಗಲಿ’ ಎನ್ನುವ ಕಂಪನಿ ಕಿಲೋಮೀಟರ್ ರಿಯಾಯಿತಿ ಕೊಡದಿದ್ದರೂ ಪರವಾಗಿಲ್ಲ. ಅದೇ ಒಳ್ಳೆಯ ಪಾಲಿಸಿ.

ಕ್ಲೇಮ್ ತಿರಸ್ಕೃತವಾಗಿ ಕಂಪನಿಗೆ ದೂರು ಕೊಟ್ಟರೂ ಪರಿಹಾರ ಸಿಗದಿದ್ದರೆ ವಿಮಾ ಲೋಕಪಾಲರ ಬಳಿ ಹೋಗಬಹುದು. ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ಕಚೇರಿ ಇದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಶೆಡ್ಡಿನಲ್ಲಿ ನಿಂತ ಆ ಎಂಜಿಬಿಯನ್ನೇ ಮತ್ತೆ ನೋಡೋಣ. ಓಟ ಕಡಿಮೆ ಎಂಬುದು ಪ್ರೀಮಿಯಂ ಇಳಿಸಲು ನ್ಯಾಯವಾದ ಕಾರಣ. ವಿಮೆಯನ್ನೇ ಬಿಡಲು ಅಥವಾ ಬೆಲೆ ತಗ್ಗಿಸಿ ಬರೆಸಲು ಅದು ಕಾರಣವಲ್ಲ. ಈ ಸಲ ಪಾಲಿಸಿ ನವೀಕರಿಸುವಾಗ ಕೊನೆಯಲ್ಲಿರುವ ಮೊತ್ತ ನೋಡುವ ಮೊದಲು ಐಡಿವಿಯ ಸಾಲಿನಲ್ಲಿ ಎಷ್ಟಿದೆ ಎಂದು ನೋಡಿ.